ಗುಂಯ್ ಅನ್ನೋ ಸ್ಟಾರ್ಟರ್ ಕೆಟ್ಟಿದೆ ಅಂತ ಯಾರು ಹೇಳಿದ್ದು?

ಹಿಮ ಬೀಳದ ಊರಲ್ಲಿ ಕೂತು ಸ್ನೋಬ್ಲೋವರ್ ಬಗ್ಗೆ ಬರೆಯೋದು ತಮಾಷೆಯಾಗಿ ಕಾಣಬಹುದು. ನಮ್ಮ ಕ್ಯಾಂಪಸ್ಸಿನಲ್ಲಿ ಚಳಿ ಅಂದ್ರೆ ಡಿಸೆಂಬರಿನಲ್ಲಿ ಎಂಟು ಗಂಟೆ ಕ್ಲಾಸಿಗೆ ಸ್ವೆಟರ್ ಹಾಕ್ಕೊಂಡು ಬರೋದು, ಅಷ್ಟೇ. ಆದರೂ ಈ ಸಂಚಿಕೆಗೆ ನಾವು ಆರಿಸಿಕೊಂಡ ವಿಷಯ ಇದೇ. ಮಿನ್ನೆಸೋಟ, ಮಿಷಿಗನ್, ಟೊರಾಂಟೊ ಕಡೆ ಇರೋ ನಮ್ಮ ಸೀನಿಯರ್‌ಗಳಿಗೆ ಇದು ಪ್ರತಿ ಚಳಿಗಾಲದ ಪಾಡು. ಮುಂದಿನ ವರ್ಷ ಎಂಎಸ್ ಅಂತ ಹೊರಡೋ ನಮ್ಮಲ್ಲಿ ಕೆಲವರಿಗೂ ಇದೇ ಕಾದಿದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದು: ನಾಲ್ಕು ವರ್ಷ ನಮ್ಮ ಲ್ಯಾಬುಗಳು ಕಲಿಸದೇ ಬಿಟ್ಟದ್ದನ್ನು ಈ ಒಂದು ಹಳೇ ಯಂತ್ರ ಚೆನ್ನಾಗಿ ತೋರಿಸಿಕೊಡುತ್ತೆ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ. "ಸ್ಟಾರ್ಟರ್ ಹೋಗಿದೆ" ಅನ್ನೋದು ರೋಗನಿರ್ಣಯ ಅಲ್ಲ, ಅದು ಬರೀ ಬೇಜಾರು. ಎಂಜಿನಿಯರಿಂಗ್ ಓದಿದವರು ಆ ಮಾತಿಗೆ ನಿಂತುಬಿಟ್ಟರೆ, ಓದದೇ ಇದ್ದವರಿಗೂ ನಮಗೂ ಇರೋ ವ್ಯತ್ಯಾಸ ಏನು ಅಂತ ಯಾರಾದರೂ ಕೇಳಿದರೆ ಉತ್ತರ ಕೊಡೋಕೆ ಕಷ್ಟ.

ಯಂತ್ರದ ಪರಿಚಯ ಚುಟುಕಾಗಿ. ಹಿಮವನ್ನು ಬಾಚಿ ಒಳಗೆ ಎಳೆಯೋಕೆ ಮುಂದೆ ಸುರುಳಿಯಾಕಾರದ ಆಗರ್, ಅದನ್ನು ಮೇಲಿನ ಕೊಳವೆಯಿಂದ ದೂರ ಎಸೆಯೋಕೆ ಹಿಂದೆ ಇಂಪೆಲ್ಲರ್, ಎರಡನ್ನೂ ಬೆಲ್ಟಿನ ಮೂಲಕ ತಿರುಗಿಸೋಕೆ ಒಂದು ಪೆಟ್ರೋಲ್ ಎಂಜಿನ್. ಕೆನಡಾದ ಕ್ವಿಬೆಕ್‌ನ ಆರ್ಥರ್ ಸಿಕಾರ್ಡ್ 1925ರಲ್ಲಿ ಇಂಥದ್ದನ್ನು ಲಾರಿಯ ಮೇಲೆ ಕಟ್ಟಿದರು; ಮನೆಯವರು ತಳ್ಳಿಕೊಂಡು ಹೋಗೋ ಸಣ್ಣ ಮಾದರಿಗಳು ಬಂದದ್ದು ಆಮೇಲೆ. ಎಂಜಿನನ್ನು ಹಗ್ಗ ಎಳೆದು ಶುರು ಮಾಡಬಹುದು, ನಮ್ಮ ಹಳ್ಳಿ ಕಡೆ ಸ್ಪ್ರೇಯರ್ ಎಳೆಯೋ ಹಾಗೆ. ಅದರ ಜೊತೆಗೆ ಎಷ್ಟೋ ಯಂತ್ರಗಳ ಪಕ್ಕದಲ್ಲಿ ಒಂದು ಎಲೆಕ್ಟ್ರಿಕ್ ಸ್ಟಾರ್ಟರ್ ಇರುತ್ತೆ. ಇಲ್ಲೇ ನಮಗೆ ಹೊಸದೆನಿಸೋ ವಿಷಯ ಇರೋದು: ಹಳೇ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಬ್ಯಾಟರಿಯೇ ಇಲ್ಲ. ಗೋಡೆಯ ಸಾಕೆಟ್ಟಿನಿಂದ 120 ವೋಲ್ಟ್ ಎಸಿ ವೈರ್ ತಂದು ಸಿಕ್ಕಿಸಬೇಕು, ಬಟನ್ ಒತ್ತಬೇಕು, ಎಂಜಿನ್ ಶುರುವಾದ ಮೇಲೆ ವೈರ್ ಕಿತ್ತು ಕೆಲಸಕ್ಕೆ ಹೊರಡಬೇಕು. ಪೆದ್ದು ವಿನ್ಯಾಸ ಅಂತ ಅನಿಸಬಹುದು. ಆದರೆ ವರ್ಷದಲ್ಲಿ ಏಳೆಂಟು ತಿಂಗಳು ಮೂಲೆಯಲ್ಲಿ ಸುಮ್ಮನೆ ನಿಲ್ಲೋ, ಮೈನಸ್ ಇಪ್ಪತ್ತರಲ್ಲಿ ಎದ್ದು ಕೂರಬೇಕಾದ ಯಂತ್ರಕ್ಕೆ ಲೆಡ್ ಆಸಿಡ್ ಬ್ಯಾಟರಿ ಹಾಕಿದರೆ ಮೊದಲು ಸಾಯೋದು ಆ ಬ್ಯಾಟರಿಯೇ. ಮನೆ ಪಕ್ಕದಲ್ಲೇ ಕೆಲಸ ಇರುವಾಗ ಗೋಡೆಯ ಸಾಕೆಟ್ಟಿಗಿಂತ ನಂಬಿಕಸ್ಥ ಬ್ಯಾಟರಿ ಯಾವುದಿದೆ?

ಈಗ ಕೇಸು. ಮಿನಿಯಾಪೊಲಿಸ್‌ನಲ್ಲಿ ಓದುತ್ತಿರೋ ನಮ್ಮ ಸೀನಿಯರ್ ಒಬ್ಬರು ಬಾಡಿಗೆಗಿರೋ ಮನೆಯ ಯಜಮಾನರಿಗೆ ಎಪ್ಪತ್ತು ದಾಟಿದೆ, ಹೃದಯಕ್ಕೆ ಸ್ಟೆಂಟ್ ಹಾಕಿದೆ. ಆ ಊರಲ್ಲಿ ಹಿಮ ನಿಂತ 24 ಗಂಟೆಯೊಳಗೆ ಮನೆ ಮುಂದಿನ ಕಾಲುದಾರಿ ಖಾಲಿ ಮಾಡಬೇಕು, ಅದು ನಗರದ ನಿಯಮ. ಸಲಿಕೆ ಹಿಡಿದು ಹಿಮ ಎತ್ತೋದು ಹೃದಯಕ್ಕೆ ಎಂಥ ಪೆಟ್ಟು ಅಂತ ಅಲ್ಲಿನ ವೈದ್ಯರು ಪ್ರತಿ ಚಳಿಗಾಲ ಎಚ್ಚರಿಸ್ತಾನೇ ಇರ್ತಾರೆ. ಹಗ್ಗ ಜಗ್ಗೋದೂ ಅವರಿಂದ ಆಗಲ್ಲ. ಆದ್ದರಿಂದ ಆ ಮನೆಯಲ್ಲಿ ಸ್ಟಾರ್ಟರ್ ಬಟನ್ ಅನ್ನೋದು ಶೋಕಿ ಅಲ್ಲ. ಸೀನಿಯರ್ ಮನೆಯಲ್ಲಿರೋ ದಿನ ಪರವಾಗಿಲ್ಲ, ಅವರು ಲ್ಯಾಬಿನಲ್ಲಿರೋ ದಿನ ಆ ಅಜ್ಜ ಸಲಿಕೆ ಎತ್ತಿಕೊಂಡುಬಿಡ್ತಾರೆ. ಜನವರಿಯ ಒಂದು ಬೆಳಿಗ್ಗೆ ಬಟನ್ ಒತ್ತಿದರೆ ಮೋಟರ್ ಒಂದು ಸಲ ಸರ್ರ್ ಅಂತ ಸುಮ್ಮನೆ ತಿರುಗುತ್ತೆ, ಎಂಜಿನ್ ಮಿಸುಕಲ್ಲ. ಇನ್ನೊಂದು ಸಲ ಒತ್ತಿದರೆ ಗುಂಯ್ ಅನ್ನುತ್ತೆ, ಏನೂ ತಿರುಗಲ್ಲ. ಪಕ್ಕದ ಮನೆಯವರು ಹೇಳಿದ್ದು, ಸ್ಟಾರ್ಟರ್ ಹೋಗಿದೆ. ರಿಪೇರಿ ಅಂಗಡಿಯವರು ಫೋನಿನಲ್ಲೇ ಹೇಳಿದ್ದು, ಸ್ಟಾರ್ಟರ್ ಹೋಗಿದೆ, ಮೂರು ವಾರ ಬಿಟ್ಟು ತನ್ನಿ. ಸೀನಿಯರ್ ನಮ್ಮ ಗ್ರೂಪಿಗೆ ವಿಡಿಯೋ ಹಾಕಿದರು.

ಎರಡು ಲಕ್ಷಣ, ಎರಡು ಬೇರೆ ಸದ್ದು. ತೀರ್ಪು ಮಾತ್ರ ಒಂದೇ! ನಮಗೆ ತಕರಾರು ಇರೋದು ಇಲ್ಲೇ. ಯಂತ್ರ ಬಾಯಿ ಬಿಟ್ಟು ಎರಡು ಬೇರೆ ಮಾತು ಹೇಳ್ತಿದೆ, ಕೇಳೋರು ಬೇಕು.

ಈ ಸದ್ದುಗಳನ್ನು ವಿಂಗಡಿಸೋದು ಕಷ್ಟ ಏನಲ್ಲ. ಬಟನ್ ಒತ್ತಿದಾಗ ಸಂಪೂರ್ಣ ಮೌನ ಅಂದ್ರೆ ಕರೆಂಟ್ ಮೋಟರಿನ ತನಕ ಬರ್ತಿಲ್ಲ, ಅಥವಾ ಬಂದರೂ ಬ್ರಷ್ ದಾಟಿ ಆರ್ಮೇಚರಿಗೆ ಹೋಗ್ತಿಲ್ಲ. ಆಗ ನೋಡಬೇಕಾದ್ದು ಸಾಕೆಟ್, ವೈರ್, ಬಟನ್ನಿನ ಸ್ವಿಚ್, ಕಾರ್ಬನ್ ಬ್ರಷ್. ಒಳಗೆ ಡಯೋಡ್ ಬ್ರಿಜ್ ಇಟ್ಟು ಎಸಿಯನ್ನು ಡಿಸಿ ಮಾಡಿಕೊಳ್ಳೋ ಮಾದರಿಯಾದರೆ ಆ ಬ್ರಿಜ್ ಕೂಡ. ಅಲ್ಲಿನ ಗ್ಯಾರೇಜ್ ಸಾಕೆಟ್ಟುಗಳಲ್ಲಿ ನೆಲಕ್ಕೆ ಕರೆಂಟ್ ಸೋರಿದರೆ ತಾನೇ ಕಡಿದುಕೊಳ್ಳೋ ರಕ್ಷಣೆ ಇರುತ್ತೆ, ಅದರ ರೀಸೆಟ್ ಬಟನ್ ಒತ್ತಿದರೆ ಮುಗಿದುಹೋಗೋ ಕೇಸುಗಳೂ ಉಂಟು. (ರೀಸೆಟ್ ಮಾಡಿದ ಮೇಲೂ ಮತ್ತೆ ಕಡಿದುಕೊಂಡರೆ ಮಾತ್ರ ಹುಷಾರು. ಸ್ಟಾರ್ಟರ್ ಒಳಗೆ ನೀರೋ ಸುಟ್ಟ ವೈಂಡಿಂಗೋ ಬಾಡಿಗೆ ತಾಗ್ತಿದೆ ಅಂತ ಅರ್ಥ. ಆ ಸಾಕೆಟ್ ಬಿಟ್ಟು ಬೇರೆ ಸಾಕೆಟ್ ಹುಡುಕೋ ಬುದ್ಧಿವಂತಿಕೆ ಬೇಡ.) ಸರ್ರ್ ಅಂತ ತಿರುಗಿ ಎಂಜಿನ್ ಅಲುಗದಿದ್ದರೆ ಮೋಟರ್ ಚೆನ್ನಾಗಿದೆ, ಹಲ್ಲಿನ ಗೇರ್ ಎಂಜಿನಿಗೆ ಸಿಕ್ಕಿಕೊಳ್ತಿಲ್ಲ. ಗುಂಯ್ ಅಂದರೆ ಕರೆಂಟ್ ಬರ್ತಿದೆ, ತಿರುಗೋಕೆ ಏನೋ ತಡೆ ಇದೆ, ಅಥವಾ ತಡೆ ಮೀರೋ ಶಕ್ತಿ ಸಾಲ್ತಿಲ್ಲ. ಇನ್ನು ಸ್ಟಾರ್ಟರ್ ಎಂಜಿನನ್ನು ಸರಿಯಾಗೇ ತಿರುಗಿಸ್ತಿದೆ, ಎಂಜಿನ್ ಹತ್ತಿಕೊಳ್ತಿಲ್ಲ ಅಂದ್ರೆ ಸ್ಟಾರ್ಟರಿಗೂ ಅದಕ್ಕೂ ಸಂಬಂಧವೇ ಇಲ್ಲ. ಹೋದ ಸೀಸನ್ನಿನ ಪೆಟ್ರೋಲ್ ಅಂಟಾಗಿ ಕಾರ್ಬುರೇಟರ್ ಕಟ್ಟಿದೆಯೋ, ಪ್ಲಗ್ ಸರಿಯಿದೆಯೋ ನೋಡಬೇಕು.

ನಮ್ಮ ಸೀನಿಯರ್ ಮೊದಲು ಮಾಡಿದ್ದು ವೈರ್ ಕಿತ್ತು, ಸ್ಪಾರ್ಕ್ ಪ್ಲಗ್ಗಿನ ತಂತಿ ತೆಗೆದು ಬದಿಗಿಟ್ಟು, ಹಗ್ಗವನ್ನು ನಿಧಾನವಾಗಿ ಎಳೆದದ್ದು. ಎಂಜಿನ್ ಬಿಗಿಯಾಗಿತ್ತು, ಆದರೆ ತಿರುಗಿತು. ಅಂದ್ರೆ ಜಾಮ್ ಆಗಿಲ್ಲ. ಈ ಒಂದು ಹೆಜ್ಜೆಗೆ ಖರ್ಚು ಸೊನ್ನೆ, ಸಮಯ ಎರಡು ನಿಮಿಷ, ಅನುಮಾನದ ಪಟ್ಟಿಯಲ್ಲಿ ಅತಿ ದುಬಾರಿ ಐಟಂ ಹೊರಗೆ ಹೋಯ್ತು. ತಂತಿ ತೆಗೆಯೋದು ಯಾಕೆ ಅಂದ್ರೆ, ಅಚಾನಕ್ ಎಂಜಿನ್ ಹತ್ತಿಕೊಂಡರೆ ಕೈ ಎಲ್ಲಿರುತ್ತೋ ಹೇಳೋಕಾಗಲ್ಲ. ಆಗರ್ ಬಾಯಿಗೆ, ಕೊಳವೆಗೆ ಎಂಜಿನ್ ಆಫ್ ಇದ್ದರೂ ಕೈ ಹಾಕಬಾರದು. ಕಟ್ಟಿಕೊಂಡ ಹಿಮ ಬಿಟ್ಟ ತಕ್ಷಣ ಬೆಲ್ಟಿನಲ್ಲಿ ಉಳಿದ ಬಿಗಿತಕ್ಕೆ ಒಂದು ಸುತ್ತು ತಿರುಗಿಬಿಡುತ್ತೆ. ಬೆರಳು ಹೋಗೋಕೆ ಅರ್ಧ ಸುತ್ತು ಸಾಕು.

ಎರಡನೇದು ವೋಲ್ಟೇಜ್. ಸಾಕೆಟ್ಟಿನಲ್ಲಿ 120, ಎಕ್ಸ್‌ಟೆನ್ಷನ್ ವೈರಿನ ತುದಿಯಲ್ಲೂ 120. "ಕರೆಂಟ್ ಸರಿಯಿದೆ" ಅಂತ ಬರೆದುಕೊಂಡು ಮುಂದೆ ಹೋಗೋದು ತುಂಬಾ ಸುಲಭ. ಆದರೆ ಮಲ್ಟಿಮೀಟರ್ ತಾನು ಎಳೆದುಕೊಳ್ಳೋ ಕರೆಂಟ್ ಸೊನ್ನೆಗೆ ಸಮ. ಕರೆಂಟ್ ಹರಿಯದಿದ್ದರೆ ವೈರಿನಲ್ಲಿ ವೋಲ್ಟೇಜ್ ಕಳೆದುಹೋಗೋದು ಹೇಗೆ? ಓಮನ ನಿಯಮ ಪಿಯುಸಿಯಲ್ಲೇ ಬಾಯಿಪಾಠ, ಮೀಟರ್ ಕೈಗೆ ಬಂದ ತಕ್ಷಣ ಮರೆತುಹೋಗುತ್ತೆ. ನೋಡಬೇಕಾದ್ದು ಬಟನ್ ಒತ್ತಿದ ಕ್ಷಣದಲ್ಲಿ ಎಷ್ಟಿದೆ ಅನ್ನೋದು. ಅದಕ್ಕೆ ವೈರ್ ಸುಲಿಯೋದು, ಬರಿಗೈಲಿ ತಂತಿ ಹಿಡಿಯೋದು ಏನೂ ಬೇಕಿಲ್ಲ. ಎಕ್ಸ್‌ಟೆನ್ಷನ್ ತುದಿಗೆ ಒಂದು ತ್ರೀ-ವೇ ಸಾಕೆಟ್, ಒಂದರಲ್ಲಿ ಸ್ಟಾರ್ಟರ್, ಪಕ್ಕದ್ದರಲ್ಲಿ ಮೀಟರಿನ ಪ್ರೋಬ್. ಮೀಟರ್ ಇಲ್ಲದಿದ್ದರೆ ನಮ್ಮ ಹಾಸ್ಟೆಲಿನ ಎಲೆಕ್ಟ್ರಿಷಿಯನ್ ಅಣ್ಣ ಹಿಡಿದು ಓಡಾಡೋ ಹೋಲ್ಡರ್-ಬಲ್ಬಿನ ಟೆಸ್ಟ್ ಲ್ಯಾಂಪ್ ಸಾಕು: ಬಟನ್ ಒತ್ತಿದಾಗ ಬಲ್ಬ್ ಎಷ್ಟು ಮಂಕಾಗುತ್ತೆ ನೋಡಿದರೆ ಆಯ್ತು. ತಂತಿ ಕಾಯೋ ಹಳೇ ಬಲ್ಬೇ ಬೇಕು, ಎಲ್‌ಇಡಿ ಆಗಲ್ಲ. ಅದರೊಳಗಿನ ಸರ್ಕ್ಯೂಟ್ ಕಡಿಮೆ ವೋಲ್ಟೇಜಿನಲ್ಲೂ ಏನೂ ಆಗದವರ ಹಾಗೆ ಬೆಳಗ್ತಾ ಇರುತ್ತೆ.

ಗುಂಯ್ ಅನ್ನುವಾಗ ಮೀಟರ್ ನೂರರ ಹತ್ತಿರಕ್ಕೆ ಇಳೀತು.

ಲೆಕ್ಕ ಹಾಕಿದರೆ ಆಶ್ಚರ್ಯ ಏನಿಲ್ಲ. ಅದು ಹಬ್ಬಕ್ಕೆ ದೀಪದ ಸರ ಹಾಕೋಕೆ ತಂದ 30 ಮೀಟರಿನ ಸಣ್ಣ ವೈರ್, ಅಲ್ಲಿನ ಅಳತೆಯಲ್ಲಿ 18 ಗೇಜ್. ಮೀಟರಿಗೆ ಸುಮಾರು 0.021 ಓಮ್. ಹೋಗಿ ಬರೋದು ಸೇರಿ 60 ಮೀಟರ್, ಒಟ್ಟು 1.26 ಓಮ್. ನಿಂತ ಮೋಟರ್ 15 ಆಂಪಿಯರ್ ಎಳೆಯುತ್ತೆ ಅಂತಿಟ್ಟುಕೊಂಡರೆ ವೈರೇ 19 ವೋಲ್ಟ್ ನುಂಗುತ್ತೆ. ಅದೇ 12 ಗೇಜಿನ 15 ಮೀಟರ್ ದಪ್ಪ ವೈರ್ ಆದರೆ ಎರಡೂವರೆ ವೋಲ್ಟಿಗಿಂತ ಕಡಿಮೆ. ನಿಂತ ಮೋಟರ್ ಅಷ್ಟೊಂದು ಯಾಕೆ ಎಳೆಯುತ್ತೆ ಅಂತ ನಮ್ಮಲ್ಲಿ ಯಾರನ್ನು ಕೇಳಿದರೂ ಹೇಳ್ತಾರೆ: ತಿರುಗದಿದ್ದರೆ ಬ್ಯಾಕ್ ಇಎಂಎಫ್ ಇಲ್ಲ, ತಡೆಯೋರಿಲ್ಲ. ತ್ರೀ ಪಾಯಿಂಟ್ ಸ್ಟಾರ್ಟರ್ ಯಾಕೆ ಬೇಕು ಅನ್ನೋ ಪ್ರಶ್ನೆಗೆ ಹತ್ತು ಅಂಕಕ್ಕೆ ಚಿತ್ರ ಸಮೇತ ಬರೀತೀವಿ. ಅದೇ ಬ್ಯಾಕ್ ಇಎಂಎಫ್ ಗ್ಯಾರೇಜಿನಲ್ಲಿ ಗುಂಯ್ ಅಂತ ಕೂಗಿದರೆ ಗುರುತೇ ಹತ್ತಲ್ಲ ಅಂದ್ರೆ ಹೇಗೆ?

ಚಳಿಗೆ ವೈರ್ ಕೆಡ್ತು ಅಂತ ಹೇಳೋರೂ ಇದ್ದಾರೆ. ವಾಸ್ತವ ಉಲ್ಟಾ. ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿಗೆ ಸುಮಾರು 0.39 ಶೇಕಡಾ ಬದಲಾಗುತ್ತೆ. 20 ಡಿಗ್ರಿಯಿಂದ ಮೈನಸ್ 20ಕ್ಕೆ ಇಳಿದರೆ ಹದಿನೈದು ಶೇಕಡಾಕ್ಕೂ ಹೆಚ್ಚು ಕಡಿಮೆಯೇ ಆಗುತ್ತೆ. ಚಳಿ ಕೆಟ್ಟದ್ದು ಮಾಡೋದು ಎಣ್ಣೆಗೆ, ಗ್ರೀಸಿಗೆ. ಬೇಸಿಗೆಯ ಎಸ್‌ಎಇ 30 ಎಣ್ಣೆ ಹಾಕಿಟ್ಟರೆ ಜನವರಿಯಲ್ಲಿ ಅದು ಹೆಚ್ಚು ಕಮ್ಮಿ ಜೋನಿಬೆಲ್ಲ. ಅದಕ್ಕೇ ಚಳಿಗಾಲದ ಎಂಜಿನಿಗೆ 5ಡಬ್ಲ್ಯು-30 ಅಂತ ಕೈಪಿಡಿಗಳು ಹೇಳೋದು.

ದಪ್ಪ ವೈರ್ ಹಾಕಿದ ಮೇಲೆ ಗುಂಯ್ ಹೋಯ್ತು. ಸರ್ರ್ ಉಳೀತು, ಅದೂ ಬೆಳಿಗ್ಗೆ ಮಾತ್ರ; ಮಧ್ಯಾಹ್ನ ಬಿಸಿಲು ಬಿದ್ದಾಗ ಕೆಲವು ಸಲ ಗೇರ್ ಸಿಕ್ಕಿ ಎಂಜಿನ್ ತಿರುಗ್ತಿತ್ತು. ಮಧ್ಯಾಹ್ನ ಸರಿ, ಬೆಳಿಗ್ಗೆ ಇಲ್ಲ ಅನ್ನೋ ದೂರು ಕೇಳಿದರೆ ಕಿವಿ ನೆಟ್ಟಗಾಗಬೇಕು. ವೈಂಡಿಂಗ್ ಸುಟ್ಟಿದ್ದರೆ ಬಿಸಿಲಿಗೆ ವಾಸಿ ಆಗಲ್ಲ.

ಇಲ್ಲಿ ಬೆಂಡಿಕ್ಸ್ ಬರುತ್ತೆ. ವಿನ್ಸೆಂಟ್ ಬೆಂಡಿಕ್ಸ್ ಹೆಸರಿನ ಈ ಉಪಾಯಕ್ಕೆ ನೂರು ವರ್ಷ ದಾಟಿದೆ, ನಮಗೆ ಈಗಲೂ ಅದು ಚಂದ ಅನಿಸುತ್ತೆ. ಮೋಟರಿನ ಶಾಫ್ಟಿನ ಮೇಲೆ ಸ್ಕ್ರೂ ಥರದ ಓರೆ ಗೆರೆಗಳು, ಅದರ ಮೇಲೆ ಒಂದು ಸಣ್ಣ ಗೇರ್, ಅಂದರೆ ಪಿನಿಯನ್, ಸಡಿಲವಾಗಿ ಕೂತಿರುತ್ತೆ. ಶಾಫ್ಟ್ ತಟ್ಟನೆ ತಿರುಗಿದಾಗ ಪಿನಿಯನ್ ಜಡತ್ವದಿಂದ ಹಿಂದೆ ಉಳಿಯುತ್ತೆ. ಹಿಂದೆ ಉಳಿದದ್ದರಿಂದ ಗೆರೆಗಳ ಮೇಲೆ ಜಾರಿ ಮುಂದೆ ಹೋಗುತ್ತೆ, ಫ್ಲೈವೀಲಿನ ಹಲ್ಲಿಗೆ ಸಿಕ್ಕಿಕೊಳ್ಳುತ್ತೆ. ಎಂಜಿನ್ ಹತ್ತಿಕೊಂಡು ಮೋಟರಿಗಿಂತ ಜೋರಾಗಿ ಓಡಿದಾಗ ಅದೇ ಗೆರೆಗಳು ಅದನ್ನು ವಾಪಸ್ ತಳ್ಳುತ್ತವೆ. ಸೊಲೆನಾಯ್ಡ್ ಇಲ್ಲ, ಸೆನ್ಸರ್ ಇಲ್ಲ, ನ್ಯೂಟನ್ನನ ಮೊದಲ ನಿಯಮಕ್ಕೆ ಸಂಬಳ ಇಲ್ಲದ ಕೆಲಸ. ಆದರೆ ಇದು ನಡೆಯೋಕೆ ಎರಡು ಬೇಕು: ಶಾಫ್ಟ್ ತಟ್ಟನೆ ವೇಗ ಹಿಡಿಯಬೇಕು, ಪಿನಿಯನ್ ಸಲೀಸಾಗಿ ಜಾರಬೇಕು. ಸಣ್ಣ ವೈರ್ ಮೊದಲನೇದನ್ನು ಕೆಡಿಸಿತ್ತು. ಯಾರೋ ಪುಣ್ಯಾತ್ಮರು ಒಳ್ಳೇದಾಗಲಿ ಅಂತ ಗೆರೆಗಳಿಗೆ ತುಂಬಿದ್ದ ದಪ್ಪ ಗ್ರೀಸ್, ವರ್ಷಾನುವರ್ಷದ ಧೂಳು ಕುಡಿದು ಮೈನಸ್ ಇಪ್ಪತ್ತರಲ್ಲಿ ಮೇಣವಾಗಿ, ಎರಡನೇದನ್ನು ಕೆಡಿಸಿತ್ತು. ಪಿನಿಯನ್ ಹೊರಗೇ ಬರದಿದ್ದರೆ ಸರ್ರ್. ಅರ್ಧ ಬಂದು ಹಲ್ಲಿಗೆ ಹಲ್ಲು ಗುದ್ದಿ ನಿಂತರೆ ಗುಂಯ್. ಎರಡು ಸದ್ದಿನ ಒಗಟು ಅಷ್ಟೇ.

ಸ್ಟಾರ್ಟರ್ ಬಿಚ್ಚೋಕೆ ಕೆಲವೇ ಬೋಲ್ಟು. ಗ್ರೀಸ್ ಒರೆಸಿ, ಸಾಲ್ವೆಂಟಿನಲ್ಲಿ ತೊಳೆದು, ಒಣಗಿಸಿ, ಒಣ ಲೂಬ್ರಿಕೆಂಟ್ ತೆಳ್ಳಗೆ ಹಾಕಿದರು. ಬ್ರಷ್ಷುಗಳನ್ನೂ ನೋಡಿದರು, ಇನ್ನೂ ಅರ್ಧ ಉಳಿದಿದ್ದವು. ನಮ್ಮ ಮನೆ ಮಿಕ್ಸಿಯ ಕಾರ್ಬನ್ ಬ್ರಷ್ ನೋಡಿದವರಿಗೆ ಅದು ಹೊಸದೇನಲ್ಲ, ಅಜ್ಜಿಗೂ ಗೊತ್ತಿರೋ ಭಾಗ. ವಾಪಸ್ ಜೋಡಿಸಿ ಮಾರನೇ ಬೆಳಿಗ್ಗೆ ಒತ್ತಿದಾಗ ಸಿಕ್ಕಿಕೊಂಡು ತಿರುಗಿತು. ಈಗ ಅಜ್ಜನೇ ಒತ್ತುತ್ತಾರೆ: ಐದು ಸೆಕೆಂಡ್, ಹತ್ತಿಕೊಳ್ಳದಿದ್ದರೆ ಒಂದು ನಿಮಿಷ ಬಿಟ್ಟು ಇನ್ನೊಂದು ಸಲ. ಆ ಬಿಡುವು ಮೋಟರಿಗೆ. ಅಷ್ಟು ಸಣ್ಣ ಮೋಟರ್ ಅಷ್ಟು ದೊಡ್ಡ ಎಂಜಿನ್ ತಿರುಗಿಸೋದು, ಕೆಲವೇ ಸೆಕೆಂಡ್ ತಾನೇ ಅನ್ನೋ ಲೆಕ್ಕದ ಮೇಲೆ. 1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಸೆಲ್ಫ್ ಸ್ಟಾರ್ಟರ್ ಕೊಟ್ಟದ್ದೂ ಇದೇ ಲೆಕ್ಕದಲ್ಲಿ: ಗಂಟೆಗಟ್ಟಲೆ ಓಡೋ ಮೋಟರ್ ಬೇಕಿಲ್ಲ, ಕ್ಷಣಕಾಲ ಮಿತಿಮೀರಿ ದುಡಿಯೋ ಮೋಟರ್ ಸಾಕು.

ಇದಕ್ಕೆ ಬರೋ ಎದುರುವಾದ ನಮಗೆ ಗೊತ್ತು. ಹೊಸ ಸ್ಟಾರ್ಟರ್ ಐವತ್ತು ಡಾಲರ್ ಆಸುಪಾಸಿಗೆ ಸಿಗುತ್ತೆ, ಸುಮ್ಮನೆ ಬದಲಾಯಿಸೋದು ಬಿಟ್ಟು ಅರ್ಧ ಭಾನುವಾರ ಹಾಳು ಮಾಡಿಕೊಳ್ಳೋದು ಯಾಕೆ? ನಿಮ್ಮ ಸಮಯಕ್ಕೆ ಬೆಲೆ ಇಲ್ವಾ? ಈ ವಾದದಲ್ಲಿ ಹುರುಳಿದೆ, ಕೆಲವು ಸಲ ಬದಲಾಯಿಸೋದೇ ಸರಿ. ಹಲ್ಲು ಮುರಿದ ಪಿನಿಯನ್, ಸುಟ್ಟ ಆರ್ಮೇಚರ್ ಜೊತೆ ಸೆಣಸಾಡೋದರಲ್ಲಿ ಅರ್ಥ ಇಲ್ಲ. ಆದರೆ ಈ ಕೇಸಿನಲ್ಲಿ ಹೊಸ ಸ್ಟಾರ್ಟರ್ ಹಾಕಿದ್ದರೆ? ಹೊಸ ಪಿನಿಯನ್ ಮೊದಲೆರಡು ವಾರ ಚೆನ್ನಾಗೇ ಜಾರ್ತಿತ್ತು, "ನೋಡಿ, ಸ್ಟಾರ್ಟರೇ ಹೋಗಿತ್ತು" ಅಂತ ಎಲ್ಲರೂ ಒಪ್ಪಿಬಿಡ್ತಿದ್ದರು. ಸಣ್ಣ ವೈರ್ ಹಾಗೇ ಉಳೀತಿತ್ತು, ಪ್ರತಿ ಸಲ ಬಿಸಿಯಾಗ್ತಾ, ಕೊರತೆ ವೋಲ್ಟೇಜಿನಲ್ಲಿ ಹೊಸ ಮೋಟರನ್ನೂ ಹೆಣಗಿಸ್ತಾ. ಭಾಗ ಬದಲಾಯಿಸಿದಾಗ ಯಂತ್ರ ಓಡಿದರೆ ಕಾರಣ ಸಿಕ್ಕಿತು ಅಂತಲ್ಲ. ಇದನ್ನು ಒಪ್ಪದವರ ಜೊತೆ ಕ್ಯಾಂಟೀನಿನಲ್ಲಿ ಕೂತು ಜಗಳ ಆಡೋಕೆ ನಾವು ಸಿದ್ಧ, ಕಾಫಿ ನಿಮ್ಮದು.

ಈಗ ನಮ್ಮ ಲ್ಯಾಬಿಗೆ ಬರೋಣ. ಈ ಒಂದು ಸ್ಟಾರ್ಟರಿನಲ್ಲಿ ತೊಂದರೆ ಅರ್ಧ ಎಲೆಕ್ಟ್ರಿಕಲ್, ಅರ್ಧ ಮೆಕ್ಯಾನಿಕಲ್. ನಮ್ಮಲ್ಲಿ ಆಗಿದ್ದರೆ ಒಂದು ವಿಭಾಗ ಇನ್ನೊಂದರ ಬಾಗಿಲು ತೋರಿಸಿ ಕೈತೊಳೆದುಕೊಳ್ತಿತ್ತು. ಮೆಷಿನ್ಸ್ ಲ್ಯಾಬಿನಲ್ಲಿ ನಮಗೆ ಕೊಡೋ ಮೋಟರುಗಳೆಲ್ಲ ಆರೋಗ್ಯವಂತ ಮೋಟರುಗಳು. ಕನೆಕ್ಷನ್ ಚಿತ್ರ ಬೋರ್ಡಿನ ಮೇಲೆ, ರೀಡಿಂಗ್ ಹೋದ ವರ್ಷದ ರೆಕಾರ್ಡಿನಲ್ಲಿ, ಗ್ರಾಫ್ ಬರಬೇಕಾದ ಹಾಗೇ ಬರುತ್ತೆ. ಕೆಟ್ಟ ಮೋಟರ್ ಬಂದರೆ ಅಟೆಂಡರ್ ಅದನ್ನು ಎತ್ತಿ ಮೂಲೆಗಿಡ್ತಾರೆ, ನಮ್ಮನ್ನು ಪಕ್ಕದ ಟೇಬಲ್ಲಿಗೆ ಕಳಿಸ್ತಾರೆ. ಅಂದರೆ ಕಲಿಯೋಕೆ ಏನಾದರೂ ಸಿಗೋ ಒಂದೇ ದಿನ ನಮ್ಮನ್ನು ಅಲ್ಲಿಂದ ಏಳಿಸಲಾಗುತ್ತೆ. ವೈವಾದಲ್ಲಿ ಸೀರೀಸ್ ಮೋಟರನ್ನು ಲೋಡಿಲ್ಲದೆ ಯಾಕೆ ಓಡಿಸಬಾರದು ಅಂತ ಕೇಳ್ತಾರೆ. ತಿರುಗದ ಮೋಟರನ್ನು ಮುಂದಿಟ್ಟು ಮೊದಲು ಏನು ನೋಡ್ತೀಯ ಅಂತ ಕೇಳಿದವರು ನಮಗೆ ಗೊತ್ತಿರೋ ಮಟ್ಟಿಗೆ ಯಾರೂ ಇಲ್ಲ.

ನಮ್ಮ ಬೇಡಿಕೆ ದೊಡ್ಡದಲ್ಲ. ಆ ಮೂಲೆಯಲ್ಲಿರೋ ಯಂತ್ರಗಳನ್ನು ಗುಜರಿಗೆ ಹಾಕೋ ಮೊದಲು ನಮಗೆ ಕೊಡಿ. ಸೆಮಿಸ್ಟರಿಗೆ ಎರಡು ಲ್ಯಾಬ್ ಕ್ಲಾಸ್ ಕೆಟ್ಟ ಯಂತ್ರಗಳಿಗೆ ಇರಲಿ, ಎರಡು ವಿಭಾಗದವರೂ ಒಂದೇ ಟೇಬಲ್ಲಿನಲ್ಲಿ. ಅಂಕ ಕೊಡೋದು ಯಂತ್ರ ಓಡಿತೋ ಇಲ್ವೋ ಅನ್ನೋದಕ್ಕಲ್ಲ. ಯಾವ ಪರೀಕ್ಷೆ ಮೊದಲು, ಯಾವುದು ಆಮೇಲೆ, ಪ್ರತಿ ಪರೀಕ್ಷೆಯಿಂದ ಯಾವ ಅನುಮಾನ ಹೊರಗೆ ಹೋಯ್ತು ಅಂತ ಬರೆದ ಒಂದು ಪುಟಕ್ಕೆ. ಸಿಲೆಬಸ್ಸಿನಲ್ಲಿ ಜಾಗ ಇಲ್ಲ ಅಂತೀರಾ? ರೆಕಾರ್ಡ್ ಕಾಪಿ ಮಾಡೋಕೆ ಹೋಗೋ ಗಂಟೆಗಳಲ್ಲಿ ಜಾಗ ಇದೆ. ಅಪಾಯ ಅಂತೀರಾ? ಪ್ಲಗ್ ಕಿತ್ತು ಬಿಚ್ಚು, ಅರ್ಥ್ ನೋಡು, ಬೆಂಚಿಗೆ ಬಿಗಿದು ಎರಡೇ ಸೆಕೆಂಡ್ ಓಡಿಸು ಅನ್ನೋ ಶಿಸ್ತನ್ನು ಮೇಷ್ಟ್ರ ಎದುರು ಕಲಿಯೋದು ವಾಸಿಯೋ, ಯಾವುದೋ ದೇಶದ ಗ್ಯಾರೇಜಿನಲ್ಲಿ ಒಬ್ಬರೇ ಕಲಿಯೋದು ವಾಸಿಯೋ?

ಅಲ್ಲಿಯತನಕ ಸಂಘದ ಕೋಣೆಯಲ್ಲೇ ಶುರು ಮಾಡಿದ್ದೀವಿ. ಸದ್ಯಕ್ಕೆ ಎರಡು ಸತ್ತ ಮಿಕ್ಸಿ, ಒಂದು ಸ್ಕೂಟರಿನ ಸೆಲ್ಫ್ ಮೋಟರ್, ಗುಂಯ್ ಅನ್ನೋ ಒಂದು ಟೇಬಲ್ ಫ್ಯಾನ್ ಇವೆ. ಫ್ಯಾನಿಗೆ ಕೆಪಾಸಿಟರ್ ಅಂತ ಈಗಲೇ ಕೂಗಬೇಡಿ, ಮೊದಲು ಕೈಯಲ್ಲಿ ತಿರುಗಿಸಿ ಬುಶ್ ಬಿಗಿ ಇದೆಯಾ ನೋಡಿ. ಶನಿವಾರ ಮಧ್ಯಾಹ್ನ ಮೂರಕ್ಕೆ ಬರೋರು ಒಂದು ಸ್ಕ್ರೂಡ್ರೈವರ್ ತನ್ನಿ. ಮಿಕ್ಸಿಗೆ ಬ್ರಷ್ ತರೋಕೆ ಹೋಗೋರು ಹಳೇ ಬ್ರಷ್ಷನ್ನು ಜೇಬಲ್ಲಿ ಇಟ್ಟುಕೊಂಡು ಹೋಗಿ, ಇಲ್ಲಾಂದ್ರೆ ಅಂಗಡಿಯವರು ಅಳತೆ ಕೇಳಿ ವಾಪಸ್ ಕಳಿಸ್ತಾರೆ.